ಹೊಳಪು ಬಳಿಯೋದಲ್ಲ, ತಿಕ್ಕೋದು

ಕಂಪ್ಯೂಟರ್ ಕ್ಯಾಬಿನೆಟ್ಟು ಕನ್ನಡಿ ಥರ ಹೊಳೀಬೇಕು, ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚೋ ಹಾಗಿರಬೇಕು ಅನ್ನೋ ಹುಚ್ಚು ನನ್ನಂಥ ಕೆಲವರಿಗಿದೆ. ಈಗೆಲ್ಲ ಗಾಜಿನ ಬಾಗಿಲು, ಒಳಗೆ ಬಣ್ಣದ ದೀಪ ಇರೋ ಕ್ಯಾಬಿನೆಟ್ಟುಗಳದೇ ಕಾರುಬಾರು. ಆದರೂ ಉಕ್ಕಿನ ಹಳೇ ಡಬ್ಬವನ್ನ ತಿಕ್ಕಿ ಬೆಳಗೋ ಮಂದಿ ಇನ್ನೂ ಇದ್ದಾರೆ. ಈ ಹುಚ್ಚು ಹೊಸದಾಗಿ ಹತ್ತಿದವರು ಮೊದಲು ಕೇಳೋ ಪ್ರಶ್ನೆ ಒಂದೇ: "ಕ್ರೋಮ್ ಹಾಕಿಸೋಕೆ ಎಷ್ಟಾಗುತ್ತೆ?"

ನನ್ನ ತಕರಾರು ಇರೋದೇ ಈ ಪ್ರಶ್ನೆ ಮೇಲೆ. ಹೊಳಪು ಕ್ರೋಮಿಂದಲ್ಲ ಸ್ವಾಮಿ, ತಿಕ್ಕಿದವನದು.

ಒಂಚೂರು ಲೆಕ್ಕ ಹಾಕೋಣ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಓದಿದ ಫ್ಯಾರಡೆ ನಿಯಮ ಕೊನೆಗೂ ಉಪಯೋಗಕ್ಕೆ ಬಂತು :-) ಕ್ಯಾಬಿನೆಟ್ಟಿನ ಒಂದು ಪಕ್ಕದ ತಗಡು 40 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ ಅಂದ್ಕೊಳ್ಳಿ. ಅದರ ಒಂದು ಮುಖಕ್ಕೆ 10 ಮೈಕ್ರಾನ್ ದಪ್ಪ ನಿಕ್ಕಲ್ ಕೂರಿಸಿದರೆ ಸುಮಾರು 14 ಗ್ರಾಂ ಬೇಕು. ಚದರ ಡೆಸಿಮೀಟರಿಗೆ 4 ಆಂಪಿಯರ್ ಕರೆಂಟು ಕೊಟ್ಟರೆ ಕಾಲು ಗಂಟೆಯೊಳಗೆ ಕೆಲಸ ಮುಗೀತು. ಅದರ ಮೇಲೆ ಬರೋ ಕ್ರೋಮಿಯಂ 0.3 ಮೈಕ್ರಾನ್ ಅಂದ್ಕೊಂಡರೆ, ತೂಕ ಗ್ರಾಮಿನ ಮೂರನೇ ಒಂದು ಪಾಲು! ಒಂದು ಚಿಟಿಕೆ ಉಪ್ಪಿನಷ್ಟು.

ಈ ಚಿಟಿಕೆಯಷ್ಟು ಲೋಹ ಏನನ್ನು ತಾನೇ ಮುಚ್ಚೀತು? ನಮ್ಮ ಕಣ್ಣಿಗೆ ಕಾಣೋ ಬೆಳಕಿನ ತರಂಗದ ಉದ್ದ 0.4ರಿಂದ 0.7 ಮೈಕ್ರಾನ್. ತಗಡಿನ ಮೇಲಿನ ಉಬ್ಬುತಗ್ಗು ಇದಕ್ಕಿಂತ ತುಂಬಾ ಚಿಕ್ಕದಾಗಿದ್ದರೆ ಮಾತ್ರ ಬೆಳಕು ಶಿಸ್ತಾಗಿ ವಾಪಸ್ ಬರುತ್ತೆ, ಅಂದ್ರೆ ಕನ್ನಡಿ ಆಗುತ್ತೆ. ಗೀರು ದೊಡ್ಡದಿದ್ದರೆ ಬೆಳಕು ದಿಕ್ಕಾಪಾಲು. ಒರಟು ಎಮರಿ ಪೇಪರ್ ಬಿಟ್ಟ ಗೀರು ಹಲವು ಮೈಕ್ರಾನ್ ಆಳ ಇರುತ್ತೆ. ನಿಕ್ಕಲ್ ಸಣ್ಣಪುಟ್ಟ ತಗ್ಗುಗಳನ್ನ ಒಂದಿಷ್ಟು ಸರಿದೂಗಿಸುತ್ತೆ, ಕ್ರೋಮ್ ಅದನ್ನೂ ಮಾಡಲ್ಲ. ಕೆಳಗೆ ಗೀರಿದ್ದರೆ ಮೇಲೆ ಹೊಳೆಯೋ ಗೀರು, ಅಷ್ಟೇ.

ಅಂದ್ರೆ ಅಸಲಿ ಕೆಲಸ ನಡೆಯೋದು ತೊಟ್ಟಿಗೆ ಇಳಿಸೋ ಮುಂಚೆ. ಬಣ್ಣ ತೆಗೀಬೇಕು, ತಗಡಿನ ಮೇಲಿನ ಸತುವಿನ ಪದರ ತೆಗೀಬೇಕು. ಆಮೇಲೆ 240, 400, 600, 800, 1000 ನಂಬರಿನ ಪೇಪರ್‌ಗಳು. ಪ್ರತಿ ನಂಬರಿಗೂ ತಿಕ್ಕೋ ದಿಕ್ಕು ಬದಲಿಸಬೇಕು, ಹಿಂದಿನ ಗೀರು ಪೂರಾ ಹೋಯ್ತಾ ಅಂತ ಗೊತ್ತಾಗೋದು ಹಾಗೇನೇ. ಆಮೇಲೆ ನಾರಿನ ಚಕ್ರ, ಅದಾದ ಮೇಲೆ ಬಟ್ಟೆ ಚಕ್ರ, ಅದಕ್ಕೆ ಬಫಿಂಗ್ ಸೋಪು. ತೆಳು ತಗಡು, ಒಂದೇ ಕಡೆ ಜಾಸ್ತಿ ಹೊತ್ತು ಒತ್ತಿದರೆ ಬಿಸಿಗೆ ಸೊಟ್ಟಗಾಗುತ್ತೆ. ಅಂಚು ಚಕ್ರಕ್ಕೆ ಸಿಕ್ಕರೆ ಕೈಯಿಂದ ಕಿತ್ಕೊಂಡು ಹಾರುತ್ತೆ. ಪ್ಲೇಟಿಂಗು ನಿಮಿಷದ ಲೆಕ್ಕ, ಪಾಲಿಶ್ಶು ದಿನದ ಲೆಕ್ಕ. ಆದ್ರೆ ಕೊನೆಗೆ ನಾವು ಹೇಳೋದೇನು? "ಕ್ರೋಮ್ ಹಾಕ್ಸಿದೀನಿ!"

ಈ ಮಾತು ನನಗೆ ಚುಚ್ಚೋದಕ್ಕೆ ಕಾರಣ ಇದೆ. ನಾನು ಇಳಕಲ್ ಕಡೆಯವನು. ಇಳಕಲ್ ಅಂದ್ರೆ ಹೊರಗಿನವರಿಗೆ ಸೀರೆ ನೆನಪಾಗುತ್ತೆ. ನಮಗೆ ಸೀರೆ ಜೊತೆ ಇನ್ನೊಂದೂ ನೆನಪಾಗುತ್ತೆ, ಕೆಂಪು ಗ್ರಾನೈಟು. ಹುನಗುಂದ, ಇಳಕಲ್, ಆಚೆ ಕುಷ್ಟಗಿ ಕಡೆ ಭೂಮಿ ಬಗೆದು ತೆಗೆದ ಆ ಕಲ್ಲು ದೇಶವಿದೇಶಕ್ಕೆ ಹೋಗುತ್ತೆ. ಕಲ್ಲಿಗಂತೂ ಯಾವ ಕ್ರೋಮೂ ಇಲ್ಲ, ನಿಕ್ಕಲ್ಲೂ ಇಲ್ಲ. ಒರಟು ವಜ್ರದ ಪುಡಿಯಿಂದ ಶುರುಮಾಡಿ ನುಣುಪಿನ ಪುಡಿವರೆಗೆ ನಂಬರು ನಂಬರಾಗಿ ತಿಕ್ಕ್ತಾ ಹೋದರೆ ಕಲ್ಲೇ ಕನ್ನಡಿ.

ಎಲ್ಲಾ ಕಲ್ಲೂ ಹೀಗೆ ಹೊಳೆಯಲ್ಲ ಅನ್ನೋದು ಇನ್ನೊಂದು ಮಜಾ. ಬಾದಾಮಿ ಗುಹೆಗಳ ಮರಳುಗಲ್ಲು ನೋಡಿ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಅಷ್ಟು ಹಳೇ ಕೆಲಸ, ಎಂಥಾ ನಾಜೂಕು! ಆದ್ರೆ ಆ ಕಲ್ಲು ಕನ್ನಡಿ ಆಗಲ್ಲ. ಅದು ಮರಳಿನ ಕಾಳುಗಳು ಅಂಟಿಕೊಂಡು ಆದ ಕಲ್ಲು, ತಿಕ್ಕಿದರೆ ಕಾಳು ಉದುರುತ್ತೆ. ಗ್ರಾನೈಟಿನಲ್ಲಿ ಹರಳುಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ, ಕಿತ್ತು ಬರೋ ಬದಲು ಸಮನಾಗಿ ಸವೆಯುತ್ತವೆ. ಹೊಳಪು ಬರೋ ಗುಣ ಒಳಗೇ ಇರಬೇಕು, ಹೊರಗಿಂದ ಬಳಿಯೋಕಾಗಲ್ಲ.

ಹಾಗಾದ್ರೆ ಲೇಪಕ್ಕೆ ಬೆಲೆ ಇಲ್ವಾ? ಇದೆ. ಅಜ್ಜಿ ಕಾಲದ ಕಲಾಯಿ ನೆನಪಿಸ್ಕೊಳ್ಳಿ. ಪಾತ್ರೆ ಮೊದಲು ಚೆನ್ನಾಗಿ ತಿಕ್ಕಿ ಬೆಳಗಿ, ಕೆಂಡದ ಮೇಲೆ ಕಾಯಿಸಿ, ನವಸಾಗರ ಹಾಕಿ, ತವರ ಸೋಕಿಸಿ, ಅರಳೆಯಿಂದ ಸರ್ರನೆ ಒರೆಸ್ತಿದ್ರು. ತವರ 232 ಡಿಗ್ರಿಗೇ ಕರಗುತ್ತೆ, ಅದಕ್ಕೇ ಬೀದಿಯಲ್ಲಿ ತಿದಿ ಹೂಡಿ ಮಾಡೋಕೆ ಆಗ್ತಿತ್ತು. ಆ ಲೇಪ ಚಂದಕ್ಕಲ್ಲ, ಹುಳಿ ತಾಮ್ರಕ್ಕೆ ತಾಗಬಾರದು ಅಂತ. ಉಕ್ಕಿನ ಮೇಲಿನ ನಿಕ್ಕಲ್ಲೂ ಹಾಗೇ, ತುಕ್ಕು ತಡೆಯೋಕೆ. ಲೇಪ ಇರೋದು ಕಾಪಾಡೋಕೆ, ತಿಕ್ಕೋದು ಹೊಳೆಯೋಕೆ. ಇವೆರಡನ್ನ ಗೊಂದಲ ಮಾಡ್ಕೊಂಡು ಒಬ್ಬರ ಕೆಲಸದ ಹೆಸರನ್ನ ಇನ್ನೊಬ್ಬರಿಗೆ ಕೊಡ್ತಿದೀವಿ.

ಬರೀ ಹೆಸರಿನ ಪ್ರಶ್ನೆ ಆಗಿದ್ರೆ ಇಷ್ಟು ಬರೀತಿರಲಿಲ್ಲ. ನಮ್ಮ ದೂರದ ಸಂಬಂಧದ ಕಾಕಾ ಒಬ್ಬರು ಇಪ್ಪತ್ತು ವರ್ಷ ಕಲ್ಲಿನ ಅಂಚು ಪಾಲಿಶ್ ಮಾಡಿದವರು. ಈಗ ಐವತ್ತೆರಡು ವಯಸ್ಸು. ಹತ್ತು ಮೆಟ್ಟಿಲು ಹತ್ತಿದ್ರೆ ಕೂತ್ಕೊಂಡುಬಿಡ್ತಾರೆ. ಮೊದಲು ಟಿಬಿ ಅಂತ ತಿಂಗಳುಗಟ್ಟಲೆ ಗುಳಿಗೆ ನುಂಗಿದ್ದಾಯ್ತು. ಆಮೇಲೆ ಗೊತ್ತಾಯ್ತು, ಸಿಲಿಕೋಸಿಸ್. ಕಲ್ಲಿನ ಧೂಳು ಪುಪ್ಪಸದಲ್ಲಿ ಗಟ್ಟಿಯಾಗಿ ಕೂತಿದೆ, ವಾಸಿ ಆಗೋದಲ್ಲ. "ದೊಡ್ಡ ಮಷೀನಿಗೆ ನೀರ್ ಬಿಡ್ತಿದ್ರು ತಮ್ಮಾ, ಅಂಚು ತಿಕ್ಕೂ ಮುಂದ ಒಣಾದs ತಿಕ್ಕ್ತಿದ್ವಿ. ನೀರ್ ಹಾಕಿದ್ರ ಗೆರಿ ಕಾಣೂದಿಲ್ಲ ಅಂತಿದ್ರು" ಅಂದ್ರು. ಪರಿಹಾರ ಕೇಳೋಣ ಅಂದ್ರೆ ಅಲ್ಲಿ ಕೆಲಸ ಮಾಡಿದ್ದಕ್ಕೆ ಒಂದು ಚೀಟಿ ಕೂಡ ಇಲ್ಲ. 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ಕಾನೂನಿನ ಪಟ್ಟಿಯಲ್ಲಿರೋ ರೋಗ. ಪಟ್ಟಿಯಲ್ಲಿ ರೋಗದ ಹೆಸರಿದೆ, ಹಾಜರಿ ಪುಸ್ತಕದಲ್ಲಿ ಕಾಕಾನ ಹೆಸರಿಲ್ಲ.

ಲೋಹದ ಕಥೆ ಬೇರೆ ಏನಲ್ಲ. ಚೀನಾದ ಕುನ್‌ಶಾನ್‌ನಲ್ಲಿ 2014ರ ಆಗಸ್ಟ್ 2ರಂದು ಅಲ್ಯೂಮಿನಿಯಂ ಚಕ್ರಗಳನ್ನ ಪಾಲಿಶ್ ಮಾಡೋ ಕಾರ್ಖಾನೆಯಲ್ಲಿ ಧೂಳೇ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಇನ್ನು ಕ್ರೋಮ್ ತೊಟ್ಟಿ. ಹಳೇ ಪದ್ಧತಿಯ ತೊಟ್ಟಿಯಲ್ಲಿರೋದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರೋ ವಸ್ತು. ಕೊಟ್ಟ ಕರೆಂಟಿನ ಬಹುಪಾಲು ಲೋಹ ಕೂರಿಸೋಕೆ ಹೋಗಲ್ಲ, ಗುಳ್ಳೆ ಎಬ್ಬಿಸೋಕೆ ಹೋಗುತ್ತೆ. ಆ ಗುಳ್ಳೆ ಒಡೆದು ಆಸಿಡ್ ಮಂಜು ಏಳುತ್ತೆ, ಪಕ್ಕದಲ್ಲಿ ನಿಂತವನ ಮೂಗಿಗೆ ಹೋಗುತ್ತೆ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದು ಪೇಪರ್ ಓದೋರಿಗೆಲ್ಲ ಗೊತ್ತು. ಯುರೋಪ್ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಈ ಕ್ರೋಮಿಯಂಗೆ ಮಿತಿ ಹಾಕಿತು. ಬಳಸೋನನ್ನ, ಎಸೆಯೋ ಜಾಗವನ್ನ ಕಾಪಾಡಿತು, ಒಳ್ಳೇದೇ. ತೊಟ್ಟಿ ಪಕ್ಕ ನಿಂತವನಿಗೆ ಬೇರೆಯದೇ ಕಾಳಜಿ ಬೇಕು.

"ಹಾಗಾದ್ರೆ ಹೊಳಪೇ ಬೇಡ ಅಂತೀಯಾ?" ಅಂತ ಕೇಳಬಹುದು. ನಾನೂ ಒಮ್ಮೆ ಕಾಕಾನ ಮುಂದೆ ಹಾಗೇ ಅಂದಿದ್ದೆ. "ಮಂದಿ ಹೊಳಪು ಬ್ಯಾಡಂದ್ರ ನಮ್ಮ ಹುಡುಗ್ರು ಏನ್ ಉಣ್ಣಬೇಕೋ?" ಅಂದ್ರು. ಅವರ ಇಬ್ಬರು ಅಳಿಯಂದಿರು ಅದೇ ಕೆಲಸದಲ್ಲಿದ್ದಾರೆ. ಆ ಪ್ರಶ್ನೆಗೆ ಬಹಿಷ್ಕಾರ ಉತ್ತರ ಅಲ್ಲ.

ಪಾಲಿಶ್ ಮಾಡೋನಿಗೆ ಮರ್ಯಾದೆ ಸಿಗೋದು ಅಸಾಧ್ಯ ಏನಲ್ಲ. 2001ರಲ್ಲಿ ಬಂದ ಮೊದಲ ಐಪಾಡ್‌ನ ಬೆನ್ನು ಕನ್ನಡಿ ಹಾಗಿತ್ತಲ್ಲ, ಅದಕ್ಕೆ ಕ್ರೋಮ್ ಇರಲಿಲ್ಲ. ಅದು ಸ್ಟೇನ್‌ಲೆಸ್ ಸ್ಟೀಲು, ಜಪಾನಿನ ನೀಗಾತ ಪ್ರಾಂತ್ಯದ ತ್ಸುಬಾಮೆ ಅನ್ನೋ ಊರಿನ ಕುಶಲಕರ್ಮಿಗಳು ಕೈಯಾರೆ ಚಕ್ರಕ್ಕೆ ಹಿಡಿದು ಬೆಳಗಿದ್ದು. ಇವತ್ತಿಗೂ ಆ ಊರಿನ ಹೆಸರು ಹೇಳಿದ್ರೆ ಜನ ಪಾಲಿಶ್ ನೆನೀತಾರೆ. ಇಳಕಲ್ ಗ್ರಾನೈಟು ಅಂತ ಕಲ್ಲಿಗೆ ಹೆಸರಿದೆ. ಬೆಳಗಿದವರಿಗೆ?

ನನ್ನ ಅಭಿಪ್ರಾಯ ಇಷ್ಟು. ಕ್ಯಾಬಿನೆಟ್ಟಿನ ಹುಚ್ಚಿರೋ ಗೆಳೆಯರೇ, ಕನ್ನಡಿ ಬೇಕೇ ಬೇಕು ಅಂದ್ರೆ ಪಕ್ಕದ ತಗಡುಗಳನ್ನ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕತ್ತರಿಸಿ ಪಾಲಿಶ್ ಮಾಡಿಸಿ, ಪ್ಲೇಟಿಂಗಿನ ಗೊಡವೆಯೇ ಬೇಡ. ಇರೋ ಉಕ್ಕಿನ ತಗಡೇ ಆಗಬೇಕು ಅಂದ್ರೆ ನಿಕ್ಕಲ್‌ಗೆ ನಿಲ್ಲಿಸಿ. ಇಲ್ಲಾ ಟ್ರೈವೇಲೆಂಟ್ ಕ್ರೋಮ್ ಕೇಳಿ, ಬಣ್ಣ ಒಂಚೂರು ಮಬ್ಬಾದೀತು, ಆಗಲಿ. ನೀವೇ ತಿಕ್ಕೋದಾದ್ರೆ ನೀರು ಹಾಕಿ ತಿಕ್ಕಿ, ಮೂಗಿಗೆ ಸರಿಯಾದ ಮಾಸ್ಕ್ ಕಟ್ಟಿ. ಅಂಗಡಿಗೆ ಕೊಟ್ಟರೆ ಪಾಲಿಶ್‌ಗೆ ಎಷ್ಟು, ಪ್ಲೇಟಿಂಗ್‌ಗೆ ಎಷ್ಟು ಅಂತ ಬೇರೆ ಬೇರೆ ಕೇಳಿ, ಪಾಲಿಶಿನ ರೇಟಿನಲ್ಲಿ ಚೌಕಾಸಿ ಮಾಡಬೇಡಿ.

ಸರ್ಕಾರದ ಪಾಲಿನದೂ ಇದೆ. ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್‌ಗೆ ಅಂತಲೇ ನೀತಿ ತಂದಿತು. ಗ್ರಾನೈಟಿನಿಂದ ದುಡ್ಡು ನೋಡಿರೋ ನಮ್ಮ ರಾಜ್ಯದಲ್ಲಿ, ಹಾಜರಿ ಚೀಟಿ ಇಲ್ಲದ ಕಾಕಾನಂಥವರಿಗೂ ಎಕ್ಸ್‌ರೇ ನೋಡಿ ಪರಿಹಾರ ಸಿಗೋ ಹಾಗಾಗಬೇಕು.

ಕ್ಯಾಬಿನೆಟ್ಟಿನ ಹುಚ್ಚು ಇಲ್ಲದವರಿಗೂ ಒಂದು ಮಾತು. ಮನೆ ಕಟ್ಟಿಸ್ತೀರಿ, ಅಡುಗೆಮನೆ ಕಟ್ಟೆಗೆ ಗ್ರಾನೈಟು ಹಾಕಿಸ್ತೀರಿ. ಹುಡುಗನೊಬ್ಬ ಬಾಯಿಗೆ ಕರ್ಚೀಫು ಕಟ್ಕೊಂಡು ಅಂಚು ಕೊಯ್ಯುತ್ತಿರ್ತಾನೆ, ಮನೆಯೆಲ್ಲಾ ಬಿಳೀ ಹೊಗೆ. ನಾವು ಬಾಗಿಲು ಹಾಕ್ಕೊಂಡು ಈಚೆ ಬರ್ತೀವಿ. ಅವನು ಅಲ್ಲೇ ಇರ್ತಾನೆ. ಇನ್ಮುಂದೆ ಕೆಲಸ ಶುರುವಾಗೋ ಮುಂಚೆ ನೀರು ಹಾಯಿಸಿ ಕೊಯ್ಯೋ ಮಷೀನು ಇದೆಯಾ ಅಂತ ಕೇಳಿ. ಇಲ್ಲದಿದ್ರೆ ತರಿಸಿ, ನಲ್ಲಿಯಿಂದ ಒಂದು ಪೈಪು ಎಳೆದು ಕೊಡಿ. ನೆಲ ಕೆಸರಾಗುತ್ತೆ, ಕೆಲಸ ಒಂದು ದಿನ ಜಾಸ್ತಿ ಹಿಡಿಯುತ್ತೆ, ಒಂದು ದಿನದ ಕೂಲಿ ಜಾಸ್ತಿ ಹೋಗುತ್ತೆ.

ಆ ಒಂದು ದಿನದ ಕೂಲಿ ಕೊಡೋಕೆ ನೀವು ತಯಾರಿದ್ದೀರಾ? ನಿಮ್ಮ ಕಡೆ ಈ ಕೆಲಸ ಹೇಗೆ ನಡೆಯುತ್ತೆ, ಹೇಳಿ.