ಛಾಯಾಗ್ರಹಣವೂ ದೂರಶಿಕ್ಷಣವೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಊರುಗಳಲ್ಲಿ ಇಂದು ಕೈಯಲ್ಲಿ ಕ್ಯಾಮೆರಾ ಇಲ್ಲದ ತರುಣನು ವಿರಳ. ಮೊಬೈಲ್ ಫೋನೇ ಕ್ಯಾಮೆರಾ ಆಗಿ ಪರಿಣಮಿಸಿದ ಮೇಲೆ ಚಿತ್ರ ತೆಗೆಯುವದು ಎಲ್ಲರ ಕೈಗೂ ಎಟಕುವ ಕೆಲಸವಾಯಿತು. ಆದರೆ ಚಿತ್ರ ತೆಗೆಯುವದು ಬೇರೆ, ಆ ವಿದ್ಯೆಯನ್ನು ಅರಿಯುವದು ಬೇರೆ. ಅರಿಯಬೇಕೆಂಬ ಹಂಬಲವುಳ್ಳ ತರುಣ ತರುಣಿಯರಿಗೆ ನಮ್ಮ ಜಿಲ್ಲೆಯಲ್ಲಿ ದಾರಿ ಸುಲಭವಾಗಿಲ್ಲ. ಛಾಯಾಗ್ರಹಣವನ್ನು ಕ್ರಮವಾಗಿ ಕಲಿಸುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇರುವದು ಮೈಸೂರಿನಲ್ಲಿ. ಬೆಂಗಳೂರಿಗೆ ಹೋಗುವೆನೆಂದರೆ ಅದೂ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಅಂಗಡಿಯ ಲೆಕ್ಕ ಬರೆಯುತ್ತಲೋ ಹೊಲಮನೆ ನೋಡಿಕೊಳ್ಳುತ್ತಲೋ ಇರುವವರು ಮೂರು ನಾಲ್ಕು ವರ್ಷ ಊರು ಬಿಟ್ಟಿರುವದು ಆಗದ ಮಾತು. ಆದಕಾರಣ ಅವರ ದೃಷ್ಟಿ ಸಹಜವಾಗಿಯೇ ದೂರಶಿಕ್ಷಣದ ಕಡೆಗೆ ಹೊರಳುತ್ತದೆ. ಹೊರಳಿದ ಕ್ಷಣವೇ ಜಾಹೀರಾತುಗಳ ಜಾತ್ರೆ ಎದುರಾಗುತ್ತದೆ. ಒಂದು ಪಾಠಕ್ರಮಕ್ಕೆ ಶುಲ್ಕವೇ ಇಲ್ಲ. ಮತ್ತೊಂದಕ್ಕೆ ಒಳ್ಳೆಯ ಕ್ಯಾಮೆರಾದ ಬೆಲೆಯಷ್ಟು ಶುಲ್ಕ. ಒಂದರಲ್ಲಿ ಹೆಸರಾಂತ ಕಲಾವಿದರ ಮುಖಗಳು. ಮತ್ತೊಂದರಲ್ಲಿ ಬಂಗಾರದಂಚಿನ ಪ್ರಮಾಣಪತ್ರದ ಆಸೆ. ಹೊಸಬನು ಇವುಗಳಲ್ಲಿ ಯಾವದನ್ನು ಆರಿಸಬೇಕು?

ಈ ಪ್ರಶ್ನೆಗೆ ನಮ್ಮ ಉತ್ತರ ಸರಳವಾದದ್ದು. ಶುಲ್ಕ, ಹೆಸರು, ಪ್ರಮಾಣಪತ್ರ, ಪಾಠಗಳ ಸಂಖ್ಯೆ ಇವೆಲ್ಲವುಗಳಿಗಿಂತ ಮೊದಲು ಕೇಳತಕ್ಕ ಪ್ರಶ್ನೆ ಒಂದೇ: ನಾನು ತೆಗೆದ ಚಿತ್ರವನ್ನು ನೋಡಿ ತಿದ್ದುವವರು ಯಾರು? ಇದಕ್ಕೆ ನೇರವಾದ ಉತ್ತರ ದೊರೆಯದಿದ್ದಲ್ಲಿ ಅಲ್ಲಿ ಹಣ ತೆರುವದು ಸಲ್ಲದು.

ಈ ಮಾತು ನಮ್ಮ ಕಲ್ಪನೆಯಲ್ಲ. ದೂರಶಿಕ್ಷಣದ ಮೂಲವೇ ಇದನ್ನು ಸಾರುತ್ತದೆ. ಫ್ರಾನ್ಸಿನ ಡಾಗೆರನ ಛಾಯಾಚಿತ್ರ ವಿಧಾನವು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದರ ಮರುವರ್ಷ, 1840ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಪೆನಿಯ ಅಂಚೆ ಜಾರಿಗೆ ಬಂದಿತು. ಐಸಾಕ್ ಪಿಟ್‌ಮನ್ ಎಂಬವನು ಆ ಅಗ್ಗದ ಅಂಚೆಯನ್ನು ಆಶ್ರಯಿಸಿ ಶೀಘ್ರಲಿಪಿಯನ್ನು ಕಲಿಸತೊಡಗಿದನು. ಅವನು ಪಾಠ ಕಳಿಸಿ ಸುಮ್ಮನಾಗಲಿಲ್ಲ. ಶಿಷ್ಯರು ಬರೆದು ಕಳಿಸಿದ್ದನ್ನು ತಿದ್ದಿ ಅವರಿಗೇ ಮರಳಿಸುತ್ತಿದ್ದನು. ಹೋದ ಕಾಗದಕ್ಕೆ ಬಂದ ಕಾಗದ, ತಪ್ಪಿಗೆ ತಿದ್ದುಪಡಿ, ಇದೇ ಅಂಚೆಶಿಕ್ಷಣದ ಜೀವಾಳವಾಗಿತ್ತು. ಒಂದೇ ದಿಕ್ಕಿನಲ್ಲಿ ಹರಿದು ಬರುವದು ಪುಸ್ತಕವಾದೀತು, ಪತ್ರಿಕೆಯಾದೀತು. ಅವುಗಳ ಉಪಕಾರವೂ ದೊಡ್ಡದೇ. ನಮ್ಮ ಹಾವೇರಿ ತಾಲೂಕಿನ ಅಗಡಿಯ ಆನಂದವನದಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯು ಗಳಗನಾಥರ ಲೇಖನಿಯ ಬಲದಿಂದ ಮನೆಮನೆಗೆ ಓದಿನ ರುಚಿ ಹಚ್ಚಿತು. ಆದರೆ ಓದಿನ ರುಚಿ ಹಚ್ಚುವದು ಒಂದು ಕೆಲಸ, ಕೈಕಸಬನ್ನು ಕಲಿಸುವದು ಇನ್ನೊಂದು ಕೆಲಸ. ಕಸಬಿನಲ್ಲಿ ತಪ್ಪು ತೋರಿಸುವ ಕಣ್ಣು ಬೇಕು.

ತಿದ್ದುವವನು ಯಾರೆಂದು ವಿಚಾರಿಸದೆ ಹೆಸರಿಗೆ ಮರುಳಾದರೆ ಏನಾಗುವದೆಂಬದಕ್ಕೆ ಅಮೇರಿಕೆಯಲ್ಲಿ ನಡೆದ ಸಂಗತಿಯೊಂದು ಸಾಕ್ಷಿಯಾಗಿದೆ. ಅಲ್ಲಿ ಒಂದೇ ಸಂಸ್ಥೆಯು ಚಿತ್ರಕಾರರಿಗೆ, ಲೇಖಕರಿಗೆ, ಛಾಯಾಗ್ರಾಹಕರಿಗೆ ಹೀಗೆ ಮೂರು ಅಂಚೆಶಾಲೆಗಳನ್ನು ನಡೆಸುತ್ತಿದ್ದಿತು. 1960ರ ದಶಕದಲ್ಲಿ ಅದರ ಛಾಯಾಗ್ರಹಣ ಶಾಲೆಯು ರಿಚರ್ಡ್ ಅವೆಡನ್, ಅರ್ವಿಂಗ್ ಪೆನ್‌ರಂಥ ಪ್ರಖ್ಯಾತರ ಹೆಸರುಗಳನ್ನು ಮುಂದಿಟ್ಟುಕೊಂಡು ಮೆರೆಯಿತು. 1970ರಲ್ಲಿ ಜೆಸಿಕಾ ಮಿಟ್‌ಫರ್ಡ್ ಎಂಬ ಲೇಖಕಿಯು ಅದೇ ಸಂಸ್ಥೆಯ ಲೇಖಕರ ಶಾಲೆಯ ಒಳಗುಟ್ಟನ್ನು ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಬಯಲಿಗೆಳೆದಳು. ಜಾಹೀರಾತಿನಲ್ಲಿ ಮೆರೆಯುತ್ತಿದ್ದ ಹೆಸರಾಂತರು ಶಿಷ್ಯರ ಬರಹಗಳನ್ನು ತಿದ್ದುತ್ತಿರಲೇ ಇಲ್ಲ. 1972ರಲ್ಲಿ ಆ ಸಂಸ್ಥೆ ದಿವಾಳಿಯೆದ್ದಿತು. ಇಂದು ಚಲಚ್ಚಿತ್ರದ ಮೆರುಗಿನಿಂದ ಕೂಡಿದ ಪಾಠಗಳನ್ನು ಮಾರುವವರ ಮುಂದೆಯೂ ಇದೇ ಪ್ರಶ್ನೆಯನ್ನು ಇಡಬೇಕಾಗಿದೆ. ಪರದೆಯ ಮೇಲೆ ಮಾತಾಡುವ ಮಹನೀಯರು ನಮ್ಮ ಹುಡುಗನ ಚಿತ್ರವನ್ನು ಕಣ್ಣೆತ್ತಿ ನೋಡುವರೇ?

“ಎಲ್ಲವೂ ಪುಕ್ಕಟೆಯಾಗಿ ದೊರೆಯುವಾಗ ಹಣ ಕೊಡುವದಾದರೂ ಏತಕ್ಕೆ?” ಎಂದು ಕೆಲವರು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದೇ. ದ್ಯುತಿರಂಧ್ರವೆಂದರೇನು, ಷಟರಿನ ವೇಗ ಹೆಚ್ಚಿದರೆ ಏನಾಗುವದು, ಐ.ಎಸ್.ಒ. ಅಂಕಿಯನ್ನು ಏರಿಸಿದರೆ ಚಿತ್ರದಲ್ಲಿ ಕಾಳು ಕಾಳು ಏಕೆ ಕಾಣುವದು, ಇವುಗಳನ್ನು ವಿವರಿಸುವ ಪಾಠಗಳು ಯೂಟ್ಯೂಬಿನಲ್ಲಿ ಕನ್ನಡದಲ್ಲಿಯೂ ಇವೆ. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು 2016ರಲ್ಲಿ ಛಾಯಾಚಿತ್ರಗಳನ್ನು ನೋಡಿ ಅರಿಯುವದು ಹೇಗೆಂಬ ವಿಷಯವಾಗಿ ಜಾಲದ ಮೂಲಕ ಪಾಠಕ್ರಮವನ್ನೇ ಆರಂಭಿಸಿತು. ಹೀಗಿರುವಾಗ ಬರಿಯ ವಿವರಣೆಗೆ ಹಣ ತೆರುವದು ಅವಿವೇಕ. ಹಣ ತೆರಬೇಕಾದದ್ದು ತಿದ್ದುಪಡಿಗೆ ಮಾತ್ರ. ಹೊಸಬನು ಮೊದಲು ಎರಡು ಮೂರು ತಿಂಗಳು ಪುಕ್ಕಟೆ ಪಾಠಗಳಿಂದಲೇ ಮೂಲತತ್ತ್ವಗಳನ್ನು ಕಲಿತುಕೊಳ್ಳಲಿ. ತನ್ನ ಚಿತ್ರ ಏಕೆ ಕೆಟ್ಟಿತೆಂಬದು ತನಗೇ ತಿಳಿಯದ ಹಂತ ಬಂದಾಗ ಗುರುವನ್ನು ಹುಡುಕಲಿ.

ಅಂಥ ಹಂತ ನಮ್ಮ ಜಿಲ್ಲೆಯಲ್ಲಿ ಬೇಗನೆ ಬರುವದು. ಬ್ಯಾಡಗಿಯ ಪೇಟೆಯ ಮೆಣಸಿನಕಾಯಿಯ ರಾಶಿಯನ್ನೇ ತೆಗೆದುಕೊಳ್ಳಿರಿ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿಗೆ ಬೆಲೆ ಬರುವದು ಖಾರದಿಂದಲ್ಲ, ಬಣ್ಣದಿಂದ. ತೊಗಲಿನ ನೆರಿಗೆಯೇ ಅದರ ಗುರುತು. ಹೊಸಬನು ನಡುಹಗಲ ಬಿಸಿಲಿನಲ್ಲಿ ಆ ರಾಶಿಯ ಚಿತ್ರ ತೆಗೆದರೆ ನೆರಿಗೆಯೆಲ್ಲ ಮಾಯವಾಗಿ ಕೆಂಪು ಬಣ್ಣದ ಒಂದು ಮುದ್ದೆ ಮಾತ್ರ ಉಳಿಯುವದು. ಕ್ಯಾಮೆರಾದ ಸಂವೇದಕವು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಒಟ್ಟು ಬೆಳಕು ಸರಿಯಾಗಿದೆಯೆಂದು ಯಂತ್ರವು ಹೇಳುತ್ತಿರುವಾಗಲೇ ಕೆಂಪೊಂದು ಮಿತಿಮೀರಿ ತುಂಬಿ ಹರಿದಿರುತ್ತದೆ. ದೂರದ ವ್ಯಾಪಾರಿಗೆ ಇಂಥ ಚಿತ್ರವನ್ನು ಕಳಿಸಿದರೆ ಪ್ರಯೋಜನವೇನು? ಬೆಳಕನ್ನು ತುಸು ತಗ್ಗಿಸಿ, ನೆರಳಿನಲ್ಲಿಯೋ ಇಳಿಬಿಸಿಲಿನಲ್ಲಿಯೋ ಓರೆಯಾಗಿ ಬೆಳಕು ಬೀಳುವಂತೆ ತೆಗೆಯಬೇಕೆಂಬದನ್ನು ಪುಸ್ತಕವು ಎಲ್ಲರಿಗೂ ಸಾಮಾನ್ಯವಾಗಿ ಹೇಳೀತು; “ನಿನ್ನ ಈ ಚಿತ್ರದಲ್ಲಿ ಕೆಟ್ಟದ್ದು ಇದೇ” ಎಂದು ಬೆರಳಿಟ್ಟು ತೋರಿಸಲಾರದು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ್ದು ಇನ್ನೊಂದು ಪರೀಕ್ಷೆ. 1974ರಲ್ಲಿ ಸ್ಥಾಪಿತವಾದ ಈ 119 ಚದರ ಕಿಲೋಮೀಟರಿನ ಅರಣ್ಯದಲ್ಲಿ ಗಂಡುಮೃಗದ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಹಿಂದೆ ಬಿಸಿಲಿಗೆ ಹೊಳೆಯುವ ಒಣಹುಲ್ಲು. ಹುಲ್ಲನ್ನು ನಂಬಿ ಕ್ಯಾಮೆರಾ ಬೆಳಕನ್ನು ಅಳೆದರೆ ಮೃಗವು ಕರಿಯ ನೆರಳಾಗುವದು. ಮೃಗವನ್ನು ನಂಬಿದರೆ ಹುಲ್ಲು ಸುಣ್ಣದಂತೆ ಬೆಳ್ಳಗಾಗುವದು. ಹಾವೇರಿಯ ಸಿದ್ಧೇಶ್ವರ ದೇವಾಲಯದ್ದು ಮತ್ತೂ ಬೇರೆ ಪಾಠ. ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದ್ದರೆ ಇದು ಪಶ್ಚಿಮಾಭಿಮುಖವಾಗಿದೆ. ಬೆಳಗಿನ ಬೆಳಕೇ ಉತ್ತಮವೆಂದು ಪುಸ್ತಕದಲ್ಲಿ ಓದಿಕೊಂಡು ಬೆಳಿಗ್ಗೆ ಹೋದವನಿಗೆ ಮುಂಭಾಗ ನೆರಳಿನಲ್ಲಿ ಸಿಕ್ಕೀತು. ಸಂಜೆ ಹೋದವನಿಗೆ ಕಲ್ಲಿನ ಕೆತ್ತನೆಯೆಲ್ಲ ಅರಳಿ ನಿಂತೀತು. ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬಾರದೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಶಿಷ್ಯನ ಊರನ್ನೂ ಅಲ್ಲಿಯ ಬೆಳಕನ್ನೂ ಅವನು ಕಳಿಸಿದ ಚಿತ್ರಗಳ ಮೂಲಕ ಅರಿತುಕೊಂಡು ಹೇಳುವ ಗುರುವೇ ಗುರು.

ಹಾಗಾದರೆ ಶುಲ್ಕ ತೆರುವ ಮುನ್ನ ವಿಚಾರಿಸತಕ್ಕ ಸಂಗತಿಗಳಾವುವು? ಒಟ್ಟು ಎಷ್ಟು ಅಭ್ಯಾಸಗಳನ್ನು ಕಳಿಸಬೇಕು, ಎಷ್ಟು ದಿನಗಳಲ್ಲಿ ಅವು ತಿದ್ದಿ ಬರುವವು, ತಿದ್ದುವವರ ಹೆಸರೇನು, ಅವರು ತೆಗೆದ ಚಿತ್ರಗಳನ್ನು ಎಲ್ಲಿ ನೋಡಬಹುದು? ಹಿಂದಿನ ವಿದ್ಯಾರ್ಥಿಯೊಬ್ಬನ ಚಿತ್ರವನ್ನೂ ಅದಕ್ಕೆ ಬರೆದ ತಿದ್ದುಪಡಿಯನ್ನೂ ತೋರಿಸಿರೆಂದು ಕೇಳಬೇಕು. “ತುಂಬ ಚೆನ್ನಾಗಿದೆ, ಮುಂದುವರಿಸಿರಿ” ಎಂಬ ಎರಡು ಮಾತುಗಳಷ್ಟೇ ಅಲ್ಲಿದ್ದರೆ ಅದು ತಿದ್ದುಪಡಿಯಲ್ಲ, ಉಪಚಾರ. ಮೂಲ ಕಡತವನ್ನೇ ಕೇಳುವರೋ ಇಲ್ಲವೋ ಎಂಬದು ಇನ್ನೊಂದು ಒರೆಗಲ್ಲು. ಕ್ಯಾಮೆರಾದ ಮೂಲ ಕಡತದೊಳಗೆ ಷಟರಿನ ವೇಗ, ದ್ಯುತಿರಂಧ್ರದ ಅಳತೆ, ಐ.ಎಸ್.ಒ. ಅಂಕಿ, ಮಸೂರದ ನಾಭಿದೂರ ಇವೆಲ್ಲ ತಾವಾಗಿಯೇ ದಾಖಲಾಗಿರುತ್ತವೆ. ವೈದ್ಯನಿಗೆ ನಾಡಿಯಿದ್ದಂತೆ ಗುರುವಿಗೆ ಈ ದಾಖಲೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಕಡತವೂ ಕುಗ್ಗುವದು, ದಾಖಲೆಯೂ ಅಳಿಯುವದು. ಅಂಥ ಚಿತ್ರದಿಂದಲೇ ತೃಪ್ತನಾಗುವ ಗುರುವು ತಪ್ಪಿನ ಕಾರಣವನ್ನು ಹುಡುಕುವವನಲ್ಲ. ನಡುವೆ ಬಿಟ್ಟರೆ ಶುಲ್ಕ ಮರಳುವದೋ ಇಲ್ಲವೋ ಎಂಬದನ್ನು ಬರಹದಲ್ಲಿಯೇ ಪಡೆಯಬೇಕು. ಕಂತಿನ ಸಾಲಕ್ಕೆ ಸಹಿ ಮಾಡುವ ಮೊದಲು ಇದು ಅತ್ಯವಶ್ಯ.

ಭಾಷೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಪಾಠವು ಇಂಗ್ಲಿಷಿನಲ್ಲಿದ್ದರೆ ಎರಡು ಸಲ ಕೇಳಿ ಹೇಗೋ ಅರ್ಥಮಾಡಿಕೊಳ್ಳಬಹುದು. ಆದರೆ ತನ್ನ ಸಂಶಯವನ್ನು ಕೇಳುವದಕ್ಕೆ, ತಾನು ಆ ಚಿತ್ರವನ್ನು ಏಕೆ ಹಾಗೆ ತೆಗೆದೆನೆಂದು ಹೇಳುವದಕ್ಕೆ ಸ್ವಂತ ಭಾಷೆಯೇ ಬೇಕು. ಇಂಗ್ಲಿಷಿಗೆ ಅಂಜಿ ಪ್ರಶ್ನೆ ಕೇಳದೆ ಉಳಿದ ವಿದ್ಯಾರ್ಥಿಯು ಅರ್ಧ ಶುಲ್ಕವನ್ನು ನೀರಿಗೆ ಹಾಕಿದಂತೆಯೇ ಸರಿ. ಕನ್ನಡದಲ್ಲಿ ತಿದ್ದುವ ಸಾಮಾನ್ಯ ಗುರುವು ಇಂಗ್ಲಿಷಿನಲ್ಲಿ ಮೌನವಾಗಿರುವ ದೊಡ್ಡ ಗುರುವಿಗಿಂತ ಲೇಸು.

ಇನ್ನು ಪ್ರಮಾಣಪತ್ರದ ವಿಷಯ. ಬೆಳ್ಳಗಿರುವದೆಲ್ಲ ಹಾಲಲ್ಲ. ಖಾಸಗಿ ಸಂಸ್ಥೆಯು ಕೊಡುವ ‘ಡಿಪ್ಲೊಮಾ’ ಎಂಬ ಕಾಗದವು ವಿಶ್ವವಿದ್ಯಾಲಯದ ಪದವಿಯಲ್ಲ. ಮದುವೆಯ ಚಿತ್ರ ತೆಗೆಸುವವರು ಅದನ್ನು ಕೇಳುವದಿಲ್ಲ, ಹಿಂದೆ ತೆಗೆದ ಚಿತ್ರಗಳನ್ನು ತೋರಿಸು ಎನ್ನುವರು. ನೌಕರಿಗಾಗಿ ಪದವಿಯೇ ಬೇಕೆಂಬವರು ಆ ವರ್ಷ ಆ ಪಾಠಕ್ರಮಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮಾನ್ಯತೆ ಇದೆಯೋ ಇಲ್ಲವೋ ಎಂಬದನ್ನು ಸ್ವತಃ ನೋಡಿಕೊಳ್ಳತಕ್ಕದ್ದು. ಸರಕಾರದ ಸಂಸ್ಥೆಯೆಂಬ ಭರವಸೆಯೊಂದೇ ಸಾಲದೆಂಬದನ್ನು ನಮ್ಮ ನಾಡು ಕಂಡಿದೆ. ಮೈಸೂರು ವಿಶ್ವವಿದ್ಯಾಲಯದ ಅಂಚೆಶಿಕ್ಷಣ ಸಂಸ್ಥೆಯಿಂದ ಬೆಳೆದು 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ಮುಂದೆ ಮಾನ್ಯತೆ ಇಲ್ಲವೆಂದು ಆಯೋಗವು 2015ರಲ್ಲಿ ಸಾರಿತು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತೆಂಬದು ಸಂತೋಷದ ಸಂಗತಿ. ಆದರೆ ನಡುವಿನ ವರ್ಷಗಳಲ್ಲಿ ಹೆಸರು ಹಚ್ಚಿದ ವಿದ್ಯಾರ್ಥಿಗಳು ಪಟ್ಟ ಸಂಕಟವನ್ನು ಮರೆಯಲಾಗದು.

ದುಬಾರಿ ಕ್ಯಾಮೆರಾ ಕೊಂಡ ಮೇಲೆಯೇ ಸೇರಿರೆಂದು ಹೇಳುವ ಪಾಠಕ್ರಮವನ್ನು ಹೊಸಬನು ದೂರವಿಡುವದು ಒಳಿತು. ಚೌಕಟ್ಟು ಕಟ್ಟುವದು, ಬೆಳಕಿನ ದಿಕ್ಕು, ಸರಿಯಾದ ಗಳಿಗೆಗಾಗಿ ಕಾಯುವದು ಇವನ್ನು ಫೋನಿನಲ್ಲಿಯೂ ಕಲಿಯಬಹುದು. ಷಟರು, ದ್ಯುತಿರಂಧ್ರಗಳನ್ನು ಕೈಯಿಂದ ಹೊಂದಿಸುವ ಪಾಠ ಬಂದಾಗ ಹಳೆಯ ಕ್ಯಾಮೆರಾ ಒಂದು ದೊರೆತರೆ ಸಾಕು.

ಕೊನೆಯದಾಗಿ ಒಂದು ಗಟ್ಟಿಯಾದ ಆಕ್ಷೇಪವನ್ನು ಎದುರಿಸಬೇಕಾಗಿದೆ. ಕೈಕಸಬನ್ನು ದೂರದಿಂದ ಕಲಿಯಲು ಸಾಧ್ಯವೇ? ನಮ್ಮ ನಾಡಿನ ಹಿರಿಯರ ಚರಿತ್ರೆ ನೋಡಿದರೆ ಈ ಸಂಶಯಕ್ಕೆ ಆಧಾರವಿದೆ. ಮೈಸೂರಿನ ವಿ.ಕೆ. ಮೂರ್ತಿಯವರು 1946ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಿಂದ ಛಾಯಾಗ್ರಹಣದ ಡಿಪ್ಲೊಮಾ ಪಡೆದರೂ ಮುಂಬಯಿಯಲ್ಲಿ ಹಿರಿಯರ ಕೈಕೆಳಗೆ ಸಹಾಯಕರಾಗಿ ದುಡಿದರು. 2008ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದದ್ದು ಆ ದುಡಿಮೆಯ ಫಲ. ವನ್ಯಜೀವಿ ಛಾಯಾಗ್ರಹಣದಲ್ಲಿ ಕೀರ್ತಿವಂತರಾದ ಟಿ.ಎನ್.ಎ. ಪೆರುಮಾಳರಿಗೂ ಬೆಂಗಳೂರಿನ ಒ.ಸಿ. ಎಡ್ವರ್ಡ್ಸರಂಥ ಮಾರ್ಗದರ್ಶಕರು ಹತ್ತಿರದಲ್ಲಿಯೇ ದೊರೆತಿದ್ದರು. ಆದ್ದರಿಂದ ದೂರಶಿಕ್ಷಣವು ಪೂರ್ಣವಿದ್ಯೆಯೆಂದು ನಾವು ಹೇಳುವದಿಲ್ಲ. ಅದು ಅರ್ಧ, ಉಳಿದರ್ಧವನ್ನು ಊರಿನಲ್ಲಿಯೇ ಕಟ್ಟಿಕೊಳ್ಳಬೇಕು. ಲಗ್ನದ ಕಾಲದಲ್ಲಿ ಊರಿನ ಸ್ಟುಡಿಯೋದವರ ಸಂಗಡ ದೀಪ ಹಿಡಿದು ನಿಂತರೆ ಯಾವ ಪಾಠದಲ್ಲಿಯೂ ಇಲ್ಲದ ಹತ್ತು ಮಾತುಗಳು ತಿಳಿಯುವವು.

ಇಲ್ಲಿ ನಮ್ಮ ಅಧಿಕಾರಿಗಳೂ ಪುರಪ್ರಮುಖರೂ ಮಾಡಬಹುದಾದ ಒಂದು ಕೆಲಸವಿದೆ. ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದಂತೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿಯೂ ಆಸಕ್ತರ ಚಿಕ್ಕ ಮಂಡಳಗಳು ಹುಟ್ಟಲಿ. ಗ್ರಂಥಾಲಯದ ಒಂದು ಕೋಣೆ, ಒಂದು ಬರಿಯ ಗೋಡೆ, ತಿಂಗಳಿಗೊಂದು ರವಿವಾರ ಇಷ್ಟನ್ನು ಅವರಿಗೆ ಕೊಟ್ಟರೆ ಸಾಕು. ಐದಾರು ಜನರು ತಮ್ಮ ಚಿತ್ರಗಳನ್ನು ಅಚ್ಚು ಹಾಕಿಸಿ ತಂದು ಗೋಡೆಗೆ ತೂಗುಹಾಕಿ ಒಬ್ಬರದನ್ನೊಬ್ಬರು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಲಿ. ಅವರು ಕೂಡಿಯೇ ಒಂದು ಪಾಠಕ್ರಮಕ್ಕೆ ಸೇರಿದರೆ ಒಬ್ಬನಿಗೆ ಬಂದ ತಿದ್ದುಪಡಿಯು ಆರು ಜನರಿಗೂ ಪಾಠವಾದೀತು. ಇದಾಗುವ ತನಕ ಮನೆಯ ಹಿರಿಯರಿಗೆ ನಮ್ಮ ವಿನಂತಿ ಇಷ್ಟೇ: ಮಗನೋ ಮಗಳೋ ಶುಲ್ಕದ ಹಣ ಕೇಳಿದಾಗ ಕಲೆ ಅನ್ನ ಕೊಡುವದೇ ಎಂದು ಗದರಿಸಬೇಡಿರಿ, ಕಣ್ಣು ಮುಚ್ಚಿ ಹಣವನ್ನೂ ಎಣಿಸಬೇಡಿರಿ. ನಿನ್ನ ಚಿತ್ರವನ್ನು ತಿದ್ದುವವರು ಯಾರೆಂದು ಕೇಳಿರಿ. ಅದಕ್ಕೆ ಹೆಸರು ಹೇಳಿ ಉತ್ತರ ಕೊಟ್ಟರೆ ಹಣ ಕೊಡಿರಿ.