ಕಣ್ಣು ಹೋಗುವುದು ಹಣೆಬರಹವೇ?

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿ ಹನ್ನೊಂದು ವರ್ಷಗಳಾದ ಮೇಲೆ ಮೊದಲ ಸಲ ವೈದ್ಯರೊಬ್ಬರು ನನ್ನ ಕಣ್ಣಿನ ಒಳಭಾಗವನ್ನು ನೋಡಿದರು. ಅದೂ ನಾನಾಗಿಯೇ ಹೋಗಿ ತೋರಿಸಿಕೊಂಡದ್ದಲ್ಲ. ಒಂದು ಬೆಳಿಗ್ಗೆ ತರಗತಿಯಲ್ಲಿ ಹಾಜರಿ ಪುಸ್ತಕ ತೆರೆದಾಗ ಬಲಗಣ್ಣಿನ ಮುಂದೆ ಮಸಿಯ ಎಳೆಗಳಂತೆ ಏನೋ ತೇಲತೊಡಗಿತು. ಕನ್ನಡಕ ಒರೆಸಿದೆ, ಮುಖ ತೊಳೆದೆ. ಎಳೆಗಳು ಹೋಗಲಿಲ್ಲ. ಮರುದಿನ ಕಣ್ಣಿನ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ ನೋಡಿದ ವೈದ್ಯರು ಕೇಳಿದರು: “ಮಾಸ್ಟ್ರೇ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕಣ್ಣಿನ ನರ ತೋರಿಸಲಿಲ್ಲವಾ?”

“ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತಲ್ಲ ಡಾಕ್ಟ್ರೇ” ಎಂದೆ.

“ಚೆನ್ನಾಗಿ ಕಾಣುವಾಗಲೇ ಬರಬೇಕಿತ್ತು” ಎಂದರು.

ನಲವತ್ತು ನಿಮಿಷದ ಪಾಠವನ್ನು ಮೂವತ್ತು ವರ್ಷ ಮಾಡಿದವನಿಗೆ ಆ ಒಂದು ವಾಕ್ಯದ ಪಾಠ ತಿಳಿದಿರಲಿಲ್ಲ. ಇದು ನನ್ನೊಬ್ಬನ ದಡ್ಡತನವಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಇದು ನಮ್ಮ ಸಮಾಜದ ರೂಢಿಯೇ ಆಗಿಬಿಟ್ಟಿದೆ. ನಾವು ಸಕ್ಕರೆಯನ್ನು ಅಳೆಯುತ್ತೇವೆ, ಕಣ್ಣನ್ನು ನೋಡುವುದಿಲ್ಲ. ಕಣ್ಣು ಹೋದ ಮೇಲೆ ಹಣೆಬರಹ ಎನ್ನುತ್ತೇವೆ.

ಈ ರೋಗದ ಮೋಸವಿರುವುದೇ ಇಲ್ಲಿ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅಕ್ಷಿಪಟಲದ, ಅಂದರೆ ರೆಟಿನಾದ, ಕೂದಲಿಗಿಂತ ತೆಳುವಾದ ರಕ್ತನಾಳಗಳು ಸೋರತೊಡಗುತ್ತವೆ, ಕೆಲವು ಮುಚ್ಚಿಹೋಗುತ್ತವೆ. ರಕ್ತ ಸಿಗದ ಭಾಗವು ಹೊಸ ನಾಳಗಳನ್ನು ಬೆಳೆಸುತ್ತದೆ. ಆದರೆ ಅವು ಬಲವಿಲ್ಲದವು, ಸುಲಭವಾಗಿ ಒಡೆಯುವಂಥವು. ಒಡೆದಾಗ ಕಣ್ಣೊಳಗೆ ರಕ್ತ ಹರಿಯುತ್ತದೆ. ಇಷ್ಟೆಲ್ಲ ನಡೆಯುವಾಗ ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಕೊನೆಯ ಹಂತದವರೆಗೂ ಅಕ್ಷರಗಳು ಸ್ಪಷ್ಟವಾಗಿಯೇ ಕಾಣಬಹುದು. ಆದ್ದರಿಂದ “ನನಗೆ ಚೆನ್ನಾಗಿ ಕಾಣುತ್ತದೆ” ಎಂಬ ಮಾತು ಸಕ್ಕರೆ ಕಾಯಿಲೆಯವರ ಬಾಯಲ್ಲಿ ಯಾವುದಕ್ಕೂ ಪುರಾವೆಯಲ್ಲ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿಕೊಂಡು ಬಂದು, ಕಣ್ಣು ಪರೀಕ್ಷೆಯಾಯಿತು ಎಂದು ನಂಬುವವರೂ ಇದೇ ತಪ್ಪನ್ನು ಮಾಡುತ್ತಿದ್ದಾರೆ.

ನನ್ನ ಎರಡೂ ಕಣ್ಣುಗಳಿಗೆ ಲೇಸರ್ ಬೇಕೆಂದಾಗ ಊರಿನಲ್ಲಿ ಸಿಕ್ಕ ಸಲಹೆಗಳು ಒಂದೆರಡಲ್ಲ. “ಲೇಸರ್ ಹೊಡೆಸಬೇಡಿ, ಹೊಡೆಸಿದವರ ಕಣ್ಣು ಪೂರಾ ಹೋಗಿದೆ” ಎಂದವರು ಹೆಚ್ಚು. ಈ ಮಾತು ಎಲ್ಲಿಂದ ಹುಟ್ಟಿತೆಂದು ಯೋಚಿಸಬೇಕು. ನಮ್ಮಲ್ಲಿ ಹೆಚ್ಚಿನವರು ಲೇಸರ್‌ಗೆ ಹೋಗುವುದೇ ಕಣ್ಣು ಮುಕ್ಕಾಲು ಕೆಟ್ಟ ಮೇಲೆ. ರೋಗ ಮುಂದುವರಿಯುತ್ತದೆ, ಅಪವಾದ ಮಾತ್ರ ಲೇಸರ್‌ಗೆ ಬರುತ್ತದೆ. ಮುಳುಗುವ ದೋಣಿಗೆ ಕೊನೆಗೆ ಬಂದು ಕೈಹಾಕಿದವನೇ ದೋಣಿ ಮುಳುಗಿಸಿದ ಎಂದ ಹಾಗೆ.

ಇದರಲ್ಲಿ ವೈದ್ಯರ ತಪ್ಪೂ ಇದೆ ಎಂದು ಹೇಳಲೇಬೇಕು. ಎರಡು ನಿಮಿಷದಲ್ಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಬದಲು ಒಂದು ಮಾತನ್ನು ಬಿಡಿಸಿ ಹೇಳಿದ್ದರೆ ಈ ಗಾಳಿಸುದ್ದಿ ಅರ್ಧ ನಿಲ್ಲುತ್ತಿತ್ತು: ಲೇಸರ್ ಹೋದ ದೃಷ್ಟಿಯನ್ನು ಸಾಮಾನ್ಯವಾಗಿ ಮರಳಿ ತರುವುದಿಲ್ಲ, ಇರುವುದನ್ನು ಉಳಿಸಲು ಮಾಡುವ ಚಿಕಿತ್ಸೆ ಅದು. ರಕ್ತ ಸಿಗದೆ ಹೊಸ ನಾಳಗಳನ್ನು ಬೆಳೆಸುತ್ತಿರುವ ಅಂಚಿನ ಭಾಗವನ್ನು ಸಣ್ಣ ಸಣ್ಣ ಚುಕ್ಕೆಗಳಲ್ಲಿ ಸುಟ್ಟು, ನಡುವಿನ ದೃಷ್ಟಿಯನ್ನು ಕಾಪಾಡುತ್ತಾರೆ. ಒಂದು ಕಣ್ಣಿಗೆ ಸಾವಿರಕ್ಕೂ ಹೆಚ್ಚು ಚುಕ್ಕೆಗಳು ಬೇಕಾಗುತ್ತವೆ.

ನನಗೆ ಒಂದೊಂದು ಕಣ್ಣಿಗೆ ಮೂರು ಸಲ ಕೂರಿಸಿದರು. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಗಲ್ಲವನ್ನು ಯಂತ್ರದ ಮೇಲಿಟ್ಟು, ಕಣ್ಣಿಗೆ ಒಂದು ಲೆನ್ಸ್ ಒತ್ತಿ ಹಿಡಿಯುತ್ತಾರೆ. ಹಸಿರು ಬೆಳಕು ಫಳಫಳನೆ ಹೊಡೆಯುತ್ತದೆ. ನೋವೇ ಇಲ್ಲ ಎಂದರೆ ಸುಳ್ಳಾದೀತು. ಕೆಲವು ಹೊಡೆತಗಳು ಕಣ್ಣಿನ ಆಳದಲ್ಲಿ ಸೂಜಿ ತಾಗಿದಂತಿರುತ್ತವೆ. ಎದ್ದಾಗ ಸ್ವಲ್ಪ ಹೊತ್ತು ಎಲ್ಲವೂ ಕತ್ತಲೆ. ಆ ದಿನ ಬೈಕ್ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಬೇಕು. ಅದಾದ ಮೇಲೆ ಮುಸ್ಸಂಜೆಯಲ್ಲಿ ಮೆಟ್ಟಿಲು ಇಳಿಯುವಾಗ ನಾನು ತಡವರಿಸುತ್ತೇನೆ, ರಾತ್ರಿ ಗಾಡಿ ಓಡಿಸುವುದನ್ನು ಬಿಟ್ಟಿದ್ದೇನೆ. ಇದು ನಾನು ತೆತ್ತ ಬೆಲೆ. ಆದರೆ ಈ ಲೇಖನವನ್ನು ನನ್ನ ಕೈಯಲ್ಲೇ ಬರೆದಿದ್ದೇನೆ, ನನ್ನ ಕಣ್ಣಲ್ಲೇ ಓದಿ ತಿದ್ದಿದ್ದೇನೆ.

ಈ ಚಿಕಿತ್ಸೆ ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ರೋಗಿಗಳ ಒಂದು ಕಣ್ಣಿಗೆ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಿದ ಅಧ್ಯಯನದ ಫಲಿತಾಂಶ 1976ರಲ್ಲೇ ಬಂದಿದೆ. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಅಂದರೆ ಈ ಜ್ಞಾನಕ್ಕೆ ಸುಮಾರು ಅರ್ಧ ಶತಮಾನದ ವಯಸ್ಸಾಗಿದೆ. ಇಂದು ಕಣ್ಣಿನ ನಡುಭಾಗದ ಊತಕ್ಕೆ ಒಳ್ಳೆಯ ಚುಚ್ಚುಮದ್ದುಗಳೂ ಬಂದಿವೆ. ಆದರೆ ಅವನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು, ಪ್ರತಿ ಸಲವೂ ಹಣ ಮತ್ತು ಒಂದು ದಿನದ ದುಡಿಮೆ ಬಿಡಬೇಕು. ನಡುವೆ ನಿಲ್ಲಿಸಿದರೆ ರೋಗ ಮತ್ತೆ ತಲೆಯೆತ್ತುತ್ತದೆ. ಕೂಲಿ ಮಾಡುವವರಿಗೆ, ದೂರದ ಊರಿನವರಿಗೆ, ಗಲ್ಫಿಗೆ ಮರಳಬೇಕಾದವರಿಗೆ ಲೇಸರ್ ಇಂದಿಗೂ ದೊಡ್ಡ ಆಸರೆ.

ಹಾಗಿದ್ದೂ ನಮ್ಮ ಮನೆಗಳಲ್ಲಿ ಕಣ್ಣುಗಳು ಆರುತ್ತಿರುವುದೇಕೆ? ನನ್ನ ಅಕ್ಕನ ಕಥೆ ಹೇಳುತ್ತೇನೆ. ನನಗಿಂತ ಎಂಟು ವರ್ಷ ಮೊದಲೇ ಆಕೆಗೆ ಸಕ್ಕರೆ ಕಾಯಿಲೆ ಬಂದಿತ್ತು. ಭಾವನ ಮಾತ್ರೆಯ ಹೊತ್ತು ಆಕೆಗೆ ಗೊತ್ತಿತ್ತು, ಮೊಮ್ಮಕ್ಕಳ ಲಸಿಕೆಯ ತಾರೀಖು ಗೊತ್ತಿತ್ತು. ತನ್ನ ಕಣ್ಣಿನ ಮಾತು ಬಂದಾಗ ಮಾತ್ರ “ನನ್ನನ್ನು ಯಾರು ಕರೆದುಕೊಂಡು ಹೋಗ್ತಾರೆ, ಇಡೀ ದಿನ ಹೋಗ್ತದೆ” ಎನ್ನುತ್ತಿದ್ದಳು. ನಾನೂ ಕರೆದೊಯ್ಯಲಿಲ್ಲ, ಮಕ್ಕಳೂ ಕರೆದೊಯ್ಯಲಿಲ್ಲ. ಕೊನೆಗೆ ಹೋದಾಗ ಒಂದು ಕಣ್ಣಿನ ಅಕ್ಷಿಪಟಲ ಕಳಚಿತ್ತು. ನೋಡಲು ಬಂದ ನೆಂಟರು ‘ತಖ್ದೀರ್’ ಎಂದರು, ಪಕ್ಕದ ಮನೆಯವರು ‘ಹಣೆಬರಹ’ ಎಂದರು. ಶಬ್ದ ಬೇರೆ, ಜವಾಬ್ದಾರಿಯಿಂದ ಜಾರಿಕೊಳ್ಳುವ ಉಪಾಯ ಒಂದೇ. ಜಮೀನಿನ ದಾಖಲೆಗಾಗಿ, ಮಗನ ವೀಸಾಕ್ಕಾಗಿ ಹತ್ತು ಸಲ ಕಚೇರಿ ಅಲೆಯುವ ನಾವು ಅಲ್ಲಿ ವಿಧಿಯೆಂದು ಕೈಕಟ್ಟಿ ಕೂರುವುದಿಲ್ಲ. ಮನೆಯ ಹೆಂಗಸಿನ ಕಣ್ಣಿನ ವಿಷಯದಲ್ಲಿ ಮಾತ್ರ ವಿಧಿಯ ನೆನಪಾಗುವುದು ಯಾವ ಭಕ್ತಿ? ಇದು ಭಕ್ತಿಯಲ್ಲ, ಉದಾಸೀನ.

ನಮ್ಮ ಸಂಘ ಸಂಸ್ಥೆಗಳಿಗೂ ಒಂದು ಪ್ರಶ್ನೆ. ವರ್ಷಕ್ಕೊಮ್ಮೆ ಉಚಿತ ಸಕ್ಕರೆ ತಪಾಸಣಾ ಶಿಬಿರ ನಡೆಸುತ್ತೀರಿ. ಬೆರಳು ಚುಚ್ಚಿ, ಚೀಟಿಯಲ್ಲಿ ನಂಬರ್ ಬರೆದು, ಗಣ್ಯರ ಫೋಟೊ ತೆಗೆಸಿ ಪತ್ರಿಕೆಗೆ ಕಳುಹಿಸುತ್ತೀರಿ. ಆ ಚೀಟಿ ಹಿಡಿದವನ ಕಣ್ಣನ್ನು ಯಾರು ನೋಡುತ್ತಾರೆ? ನೇತ್ರ ಶಿಬಿರವೆಂದರೆ ಪೊರೆ ಮತ್ತು ಕನ್ನಡಕ ಎಂದೇ ನಾವು ತಿಳಿದಿದ್ದೇವೆ. ಪೊರೆ ಬಂದ ಕಣ್ಣು ಕಾಯುತ್ತದೆ, ತಡವಾಗಿ ತೆಗೆದರೂ ಹೆಚ್ಚಿನವರಿಗೆ ದೃಷ್ಟಿ ಮರಳುತ್ತದೆ. ಸಕ್ಕರೆ ಕೆಡಿಸಿದ ಕಣ್ಣು ಹಾಗೆ ಕಾಯುವುದಿಲ್ಲ.

ಇನ್ನು ಪತ್ರಿಕೆಗಳ ಮಾತು. ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುತ್ತೇವೆ ಎಂಬ ಜಾಹೀರಾತುಗಳನ್ನು ನಾವೆಲ್ಲ ಓದಿದ್ದೇವೆ. ಸಕ್ಕರೆ ಕಾಯಿಲೆಯನ್ನಾಗಲಿ ಕುರುಡುತನವನ್ನಾಗಲಿ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಸಂಪಾದಕೀಯದಲ್ಲಿ ನ್ಯಾಯ, ಜಾಹೀರಾತು ಪುಟದಲ್ಲಿ ಈ ಪುಡಿಗಳು! ಅಂಥ ಪುಡಿ ನಂಬಿ ಮಾತ್ರೆ ಬಿಟ್ಟವನ ಕಣ್ಣಿನ ಲೆಕ್ಕ ಯಾರ ಖಾತೆಗೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವು 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. 2015-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ದಾಟಿದ ಸಕ್ಕರೆ ರೋಗಿಗಳಲ್ಲಿ ಶೇ. 16.9ರಷ್ಟು ಮಂದಿಗೆ ಅಕ್ಷಿಪಟಲದ ಈ ತೊಂದರೆ ಕಂಡುಬಂದಿತ್ತು. ಆರು ಮಂದಿಯಲ್ಲಿ ಒಬ್ಬರು ಎಂದಾಯಿತು. ಇಷ್ಟು ಜನರನ್ನು ಹಣೆಬರಹಕ್ಕೆ ಬಿಡಬೇಕಿಲ್ಲ. ಇಂಗ್ಲೆಂಡಿನಲ್ಲಿ 2003ರಿಂದ ಸಕ್ಕರೆ ರೋಗಿಗಳನ್ನು ಕರೆದು ಕಣ್ಣಿನ ಚಿತ್ರ ತೆಗೆಯುವ ರಾಷ್ಟ್ರೀಯ ವ್ಯವಸ್ಥೆ ಬೆಳೆಯಿತು. ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಅಲ್ಲಿ ದಶಕಗಳ ಕಾಲ ಮೊದಲ ಕಾರಣವಾಗಿದ್ದ ಈ ರೋಗ, 2009-10ರ ಲೆಕ್ಕದಲ್ಲಿ ಆ ಸ್ಥಾನದಿಂದ ಇಳಿದಿತ್ತು. ಅಷ್ಟು ದೂರ ಹೋಗುವುದೇಕೆ? ಪಕ್ಕದ ಕೇರಳವು ‘ನಯನಾಮೃತಂ’ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳಿಗೇ ಈ ತಪಾಸಣೆಯನ್ನು ತಂದಿತು. ತಿಂಗಳ ಮಾತ್ರೆ ಕೊಡುವ ಜಾಗದಲ್ಲೇ ಕಣ್ಣಿನ ಚಿತ್ರವನ್ನೂ ತೆಗೆಯುವ ವ್ಯವಸ್ಥೆ ನಮ್ಮ ಪ್ರತಿ ತಾಲೂಕಿನಲ್ಲೂ ಆಗಬೇಕು. ಇದು ದಾನವಲ್ಲ, ನಮ್ಮ ಹಕ್ಕು. ಮತ ಕೇಳಲು ಬರುವವರಲ್ಲಿ ರಸ್ತೆಯ ಜೊತೆಗೆ ಇದನ್ನೂ ಕೇಳೋಣ.

ಸರಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ದೊಡ್ಡವರಲ್ಲಿ ಬರುವ ಸಕ್ಕರೆ ಕಾಯಿಲೆಯಾದರೆ ಪತ್ತೆಯಾದ ವರ್ಷವೇ, ಆಮೇಲೆ ವರ್ಷಕ್ಕೊಮ್ಮೆ, ಡ್ರಾಪ್ಸ್ ಹಾಕಿಸಿ ಅಕ್ಷಿಪಟಲವನ್ನು ತೋರಿಸಬೇಕು. ಸಕ್ಕರೆ ಇರುವ ಹೆಣ್ಣುಮಗಳು ಗರ್ಭಿಣಿಯಾದರೆ ಮೊದಲ ತಿಂಗಳುಗಳಲ್ಲೇ ತೋರಿಸಬೇಕು. ಸಕ್ಕರೆಯ ಜೊತೆ ರಕ್ತದೊತ್ತಡವೂ ಹತೋಟಿಯಲ್ಲಿರಬೇಕು. ಇದಕ್ಕೆ ಬೇಕಾದದ್ದು ವರ್ಷದಲ್ಲಿ ಒಂದು ದಿನ.

ಅಕ್ಕನ ಇನ್ನೊಂದು ಕಣ್ಣಿಗೆ ಸಕಾಲದಲ್ಲಿ ಲೇಸರ್ ಆಯಿತು, ಅದು ಉಳಿದಿದೆ. ಈಗ ಆಕೆಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಕಳೆದ ಸಲ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ಆಕೆ ಕೇಳಿದಳು: “ಇಷ್ಟು ಸುಲಭವಿತ್ತಾ? ಮೊದಲೇ ಯಾಕೆ ಕರೆದುಕೊಂಡು ಬರಲಿಲ್ಲ?” ನನ್ನಲ್ಲಿ ಉತ್ತರವಿರಲಿಲ್ಲ. ಓದುಗರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯ ಒಬ್ಬ ತಾಯಿಯೋ ಅಕ್ಕನೋ ಇರಬಹುದು. ಅವರು ಈ ಪ್ರಶ್ನೆ ಕೇಳುವ ಮೊದಲೇ ಕರೆದುಕೊಂಡು ಹೋಗಿ.