ಮುಗೀತು ಅಂತ ಲೈಟ್ ಆರಿಸಿದ್ರಲ್ಲ, ಆಮೇಲಿನ ಕತೆ



ನಗರದ ಒಂದು ನಾಟಕ ತಂಡ ಈ ಸಲದ ರಂಗಋತುವಿಗೆ ನಾಲ್ಕು ಹೊಸ ನಾಟಕ ಘೋಷಿಸಿದೆ. ನಾಲ್ಕೂ 'ಸಾಮಾಜಿಕ ಕಳಕಳಿ'ಯವಂತೆ. ರೈತ, ಹೆಣ್ಣು, ಕೋಮುವಾದ, ಮತ್ತೆ ನಾವು. ನಿಮ್ಮಲ್ಲಿ ಹಲವರು ಪೋಸ್ಟರ್ ಶೇರ್ ಮಾಡಿದ್ದೀರಿ, ನಾನೂ ಲೈಕ್ ಒತ್ತಿದ್ದೆ. ತಂಡದ ಹೆಸರು ಹೇಳಲ್ಲ. ಹೇಳಿದ್ರೆ ಜಗಳ ಅವರೊಬ್ಬರದೇ ಆಗುತ್ತೆ, ಮಿಕ್ಕವರು ಪಾರಾಗ್ತಾರೆ.

'ನಾವು' ಇರೋ ನಾಟಕ ಮ್ಯಾನ್‌ಹೋಲಿಗೆ ಇಳಿದು ಸಾಯುವವನದು. ಹೋದ ತಿಂಗಳು ಫೋನ್ ಬಂತು. 'ಸರ್, ನಿಮ್ಮ ಕಡೆಯ ಮಾತು ಸ್ವಲ್ಪ ತಿದ್ದಿಕೊಡಿ, ತಮಟೆಯವರು ನಾಲ್ಕು ಜನ ಬೇಕು.' ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಕೊನೆಯ ದೃಶ್ಯದಲ್ಲಿ ನಾಯಕ ಕೆಳಗಿಳೀತಾನೆ, ನೀಲಿ ಬೆಳಕು, ತಮಟೆ ಗಕ್ಕನೆ ನಿಲ್ಲುತ್ತೆ, ಹೆಂಡತಿ ಚೀರ್ತಾಳೆ, ಕತ್ತಲೆ. ಸುಳ್ಳು ಯಾಕೆ, ನನ್ನ ಕಣ್ಣೂ ತುಂಬಿತು. ಆಮೇಲೆ ಏನು ಅಂತ ಕೇಳಿದೆ. 'ಆಮೇಲೇನು ಸರ್, ಮುಗೀತು' ಅಂದ್ರು ನಿರ್ದೇಶಕರು.

ಮುಗಿಯಲ್ಲ ಸ್ವಾಮಿ. ನಾನು ಗುಮಾಸ್ತ, ಕಡತ ಹೊತ್ತು ತಿರುಗೋನು. ನಮ್ಮ ಸಂಘಟನೆಯಿಂದ ಇಂಥ ಹೆಣ್ಣುಮಕ್ಕಳ ಜೊತೆ ಕಚೇರಿ ಕಚೇರಿ ಅಲೆದಿದ್ದೇನೆ. ಹೆಣ ಮೇಲೆ ಬರೋ ಮೊದಲೇ ಗುತ್ತಿಗೆದಾರನ ಕಡೆಯೋರು ದುಡ್ಡಿನ ಕಟ್ಟು ಹಿಡಿದು ನಿಂತಿರ್ತಾರೆ. ಠಾಣೆಯಲ್ಲಿ ಕಾಲು ಜಾರಿ ಬಿದ್ದ ಅಂತ ಅಸಹಜ ಸಾವಿನ ಪ್ರಕರಣ ಬರೀತಾರೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಸೆಕ್ಷನ್ನು ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ನೂ ಇಲ್ಲ. ಆ ಒಂದು ಸಾಲು ಬಿಟ್ಟುಹೋದ್ರೆ ಪರಿಹಾರದ ಕಡತಕ್ಕೆ ಕೊಕ್ಕೆ ಬಿತ್ತು ಅಂತಲೇ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಆದೇಶದ ಜೆರಾಕ್ಸ್ ಹಿಡಿದು ಹೋದರೆ ಟೇಬಲ್ಲಿನ ಆಚೆ ಇರೋನು ಕೇಳ್ತಾನೆ: 'ಇವನು ನಮ್ಮ ಕೆಲಸಕ್ಕೇ ಇಳಿದಿದ್ದು ಅಂತ ಏನಮ್ಮ ಗ್ಯಾರಂಟಿ?' ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಮೇಸ್ತ್ರಿ ಬಾಯಲ್ಲಿ ಕರೆದ, ಇವನು ಬಂದ. ನೀವು ಪೋಸ್ಟರಿನಲ್ಲಿ ಪೌರಕಾರ್ಮಿಕ ಅಂತ ಬರೆದಿದ್ದೀರಲ್ಲ, ಅಷ್ಟು ಬರೆದ ಒಂದು ಗುರುತಿನ ಚೀಟಿ ಇದ್ದಿದ್ರೆ ಅವಳು ಅಷ್ಟು ಅಲೀತಿರಲಿಲ್ಲ.

ಇದು ನಾಟಕ ಅಲ್ವಾ? ಅವನು ಕತ್ತಲಲ್ಲಿ ಸತ್ತ. ಅವನ ಹೆಂಡತಿಯನ್ನು ಹಾಡುಹಗಲು ಟ್ಯೂಬ್‌ಲೈಟಿನ ಕೆಳಗೆ ಅಲೆಸ್ತಾರೆ, ಅಲೆಸೋರು ನಿಮ್ಮ ಪ್ರೇಕ್ಷಕರ ಮನೆಯವರೇ. ಕತ್ತಲಲ್ಲಿ ಮುಗಿಸಿದ್ರೆ ಅವರು ಕಣ್ಣೊರೆಸಿಕೊಂಡು ಪಾರ್ಕಿಂಗಿಗೆ ಹೋಗಬಹುದು. ಟೇಬಲ್ ಇಟ್ಟರೆ ಆಗಲ್ಲ. ಸ್ಕ್ರಿಪ್ಟಿನಲ್ಲಿ ಆ ಹೆಣ್ಣುಮಗಳಿಗೆ ಹೆಸರೂ ಇಲ್ಲ, ಬರೀ 'ಹೆಂಡತಿ'. ಮಾತಿಗಿಂತ ಚೀರಾಟವೇ ಜಾಸ್ತಿ.

ದಲಿತರಲ್ಲದವರು ಬರೀಲೇಬಾರದು ಅಂತ ನಾನು ಹೇಳ್ತಿಲ್ಲ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಮ್ಮವರನ್ನು ಕೊಂದಾಗ 'ಸಮುದಾಯ'ದವರು ಅದನ್ನು ಬೀದಿನಾಟಕ ಮಾಡಿ ಊರೂರಿಗೆ ಒಯ್ದರು. ಬಾಗಿಲಿಗೇ ಬಂದರು, ಟಿಕೆಟ್ ಇರಲಿಲ್ಲ. ಹಾಗಂತ ನಮ್ಮಲ್ಲಿ ಬರೆಯೋರಿಲ್ಲ ಅಂತಲೂ ಯಾರೂ ಹೇಳಬೇಡಿ. 'ಪಂಚಮ', 'ಏಕಲವ್ಯ' ಬರೆದ ಸಿದ್ಧಲಿಂಗಯ್ಯ ಯಾರವರು? ಕೆ.ಬಿ. ಸಿದ್ದಯ್ಯನವರ ಕಾವ್ಯವನ್ನು 'ದಕ್ಲಕಥಾ ದೇವಿಕಾವ್ಯ' ಅಂತ ರಂಗಕ್ಕೆ ತಂದ ಹುಡುಗರು ಯಾರವರು? ಅಲ್ಲಿ ತಮಟೆ ಬಾಡಿಗೆಗೆ ಬಂದಿರಲಿಲ್ಲ.

ಇಲ್ಲಿ ಬಂದಿದೆ. ತಮಟೆಯವರಿಗೆ ಎಷ್ಟು ಕೊಡ್ತೀರಿ ಅಂದರೆ 'ಊಟ, ಬಸ್ ಚಾರ್ಜು ನೋಡ್ಕೋತೀವಿ' ಅಂದ್ರು. ಲೈಟಿನವನಿಗೆ ಪೇಮೆಂಟು, ತಮಟೆಯವನಿಗೆ ಊಟ! ಹೆಣದ ಮುಂದೆ ಬಾರಿಸಿದ್ದಕ್ಕೆ ಊರಗೌಡನೂ ಇಷ್ಟೇ ಕೊಡ್ತಿದ್ದ.

ನಾನು ಕೇಳಿದ್ದು ಮೂರೇ. ತಮಟೆಯವರಿಗೆ ಉಳಿದ ಕಲಾವಿದರಷ್ಟೇ ಸಂಭಾವನೆ ಕೊಡಿ. ಮೊದಲ ಪ್ರದರ್ಶನ ಕಾಲೋನಿಯಲ್ಲಿ ಮಾಡಿ, ಟಿಕೆಟ್ ಇಲ್ಲದೆ. ಗಂಡನನ್ನು ಕಳಕೊಂಡ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿ ಸ್ಕ್ರಿಪ್ಟ್ ಓದಿ, ಅವರು ಹೇಳಿದ್ದನ್ನು ಸೇರಿಸಿ, ಅವರ ಹೆಸರೂ ಹಾಕಿ. 'ಸ್ಕ್ರಿಪ್ಟ್ ಲಾಕ್ ಆಗಿದೆ, ಕಲೆ ಅಂದ್ರೆ ಅರ್ಜಿ ಅಲ್ಲ ಸರ್' ಅಂದ್ರು. ಅರ್ಜಿ ಬರೆಯೋದು ಎಂಥ ಕಲೆ ಅಂತ ಗುಮಾಸ್ತನಿಗೆ ಗೊತ್ತು, ಬಿಡಿ.

ಮಾತು ತಿದ್ದಿಕೊಡಲ್ಲ ಅಂತ ಎದ್ದು ಬಂದೆ. ಎರಡು ದಿನ ಬಿಟ್ಟು, ಹೆಂಡತಿ ಪಾತ್ರ ಮಾಡೋ ಹುಡುಗಿ ಫೋನ್ ಮಾಡಿದಳು. 'ಸರ್, ಆ ಟೇಬಲ್ಲಿನ ಮುಂದೆ ಅವರು ಏನಂತಾರೆ, ಹೇಳ್ತೀರಾ?' ನಾನು ಹೇಳೋದಲ್ಲಮ್ಮ, ಅವರ ಬಾಯಲ್ಲೇ ಕೇಳು ಅಂದೆ. ಭಾನುವಾರ ಹತ್ತು ಗಂಟೆಗೆ ನಮ್ಮ ಕಾಲೋನಿಯ ಅಂಬೇಡ್ಕರ್ ಭವನಕ್ಕೆ ಬರ್ತಾಳೆ. ಹೆಣ್ಣುಮಕ್ಕಳಿಬ್ಬರೂ ಒಪ್ಪಿದ್ದಾರೆ. ನಿರ್ದೇಶಕರಿಗೂ ಮೆಸೇಜ್ ಹಾಕಿದ್ದೀನಿ, ನೋಡಿದ ಗುರುತು ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ನೀವೂ ಬನ್ನಿ.